ಬಾವಿಯ ಎಂಜಿನ್ನಿನ ರೂಢಿ, ಹೊಸ ಗಾಡಿಯ ಎಂಜಿನ್

ವಿದ್ಯುತ್ ಮೋಟಾರು ಮನೆಮಾತಾಗುವ ಮುನ್ನ ಬೋರಾಮಣಿ, ಅಕ್ಕಲಕೋಟದ ಕಡೆಯ ಎರೆಹೊಲಗಳಲ್ಲಿ ಬಾವಿಯ ನೀರೆತ್ತುತ್ತಿದ್ದುದು ಕಟ್ಟೆಯ ಮೇಲೆ ಕುಳಿತ ಡೀಸೆಲ್ ಎಂಜಿನ್. ಹಿರಿಯರು ಅದನ್ನು ‘ಆಯಿಲ್ ಎಂಜಿನ್’ ಎಂದೇ ಕರೆಯುತ್ತಿದ್ದರು. ಹ್ಯಾಂಡಲ್ ತಿರುವಿದರೆ ಟಕ್ ಟಕ್ ಎಂದು ಆರಂಭವಾಗುತ್ತಿದ್ದ ಆ ಯಂತ್ರ ಬಿಸಿಲು, ಧೂಳು, ಕಲಬೆರಕೆ ಎಣ್ಣೆ, ಅರೆಬರೆ ರಿಪೇರಿ ಎಲ್ಲವನ್ನೂ ಸಹಿಸಿತು. ಇಂದು ಅದೇ ಮನೆಗಳ ಅಂಗಳದಲ್ಲಿ ಟರ್ಬೊ ಡೀಸೆಲ್ಲಿನ ಎಸ್.ಯು.ವಿ. ನಿಂತಿದೆ. ಕಬ್ಬಿನ ಬಿಲ್ಲು, ತೊಗರಿಯ ಹಣ, ಬ್ಯಾಂಕಿನ ಸಾಲ ಮೂರನ್ನೂ ಕೂಡಿಸಿ ಕೊಂಡ ಗಾಡಿ ಅದು. ಮಕ್ಕಳನ್ನು ಶಾಲೆಗೆ ಬಿಡುವುದು, ಹಿರಿಯರನ್ನು ಸೊಲ್ಲಾಪುರದ ಆಸ್ಪತ್ರೆಗೆ ಒಯ್ಯುವುದು, ಅಕ್ಕಲಕೋಟಕ್ಕೂ ಗಾಣಗಾಪುರಕ್ಕೂ ನೆಂಟರೊಡನೆ ಹೋಗಿಬರುವುದು, ಎಲ್ಲವೂ ಅದರಿಂದಲೇ. ಹೊಲ ಮತ್ತು ಮನೆಯ ನಂತರ ಅನೇಕ ಕುಟುಂಬಗಳಿಗೆ ಅದೇ ಮೂರನೆಯ ದೊಡ್ಡ ಆಸ್ತಿ.

ಆದರೆ ಈ ಆಸ್ತಿಯನ್ನು ನೋಡಿಕೊಳ್ಳುವ ರೂಢಿ ಮಾತ್ರ ಬಾವಿಯ ಕಟ್ಟೆಯಿಂದ ಬಂದದ್ದು. ‘ಡೀಸೆಲ್ ಎಂಜಿನ್ ಗಟ್ಟಿ, ಅದಕ್ಕೆ ಏನೂ ಆಗುವುದಿಲ್ಲ’ ಎಂಬ ನಂಬಿಕೆ ಹಿಂದಿನ ಯಂತ್ರದ ವಿಷಯದಲ್ಲಿ ಬಹುಮಟ್ಟಿಗೆ ನಿಜವಾಗಿತ್ತು. ಹೊಸ ಎಂಜಿನ್ನಿನ ವಿಷಯದಲ್ಲಿ ಅದೇ ನಂಬಿಕೆ ಲಕ್ಷಾಂತರ ರೂಪಾಯಿಯ ಹಾನಿಗೆ ದಾರಿ ಮಾಡುತ್ತದೆ. ಎರಡರ ನಡುವಿನ ವ್ಯತ್ಯಾಸವನ್ನು ಮನೆಮಂದಿಯೆಲ್ಲ ತಿಳಿದುಕೊಳ್ಳುವುದು ಅಗತ್ಯ.

ಒಂದೇ ಅಳತೆಯ ಸಿಲಿಂಡರ್, ಆರು ಪಟ್ಟು ಕೆಲಸ

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಇಂದಿನ ಸಾಂಗಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅವರ ಮನೆತನದ ಉದ್ಯಮವಾದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ 1946ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಯಿತು. ಆ ಸಂಸ್ಥೆಯ ಎ.ವಿ. 1 ಎಂಬ ಮಾದರಿ ರೈತರಿಗೂ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಿಗೂ ಚಿರಪರಿಚಿತ. ಅದಕ್ಕೆ ಇರುವುದು ಒಂದೇ ಸಿಲಿಂಡರ್. ಅದರ ವ್ಯಾಸ 80 ಮಿ.ಮೀ., ಪಿಸ್ಟನ್ ಚಲಿಸುವ ದೂರ 110 ಮಿ.ಮೀ., ಒಟ್ಟು ಗಾತ್ರ 553 ಸಿ.ಸಿ. ನಿಮಿಷಕ್ಕೆ 1500 ಸುತ್ತು ತಿರುಗಿ ಅದು ಕೊಡುವುದು 5 ಅಶ್ವಶಕ್ತಿ.

ಈಗ ಮಹೀಂದ್ರ ಸ್ಕಾರ್ಪಿಯೊ ವಾಹನದ 2.2 ಲೀಟರಿನ ಎಂಹಾಕ್ ಎಂಜಿನ್ನನ್ನು ನೋಡಬಹುದು. ನಾಲ್ಕು ಸಿಲಿಂಡರ್, ಪ್ರತಿಯೊಂದರ ವ್ಯಾಸ 85 ಮಿ.ಮೀ., ಪಿಸ್ಟನ್ ಚಲಿಸುವ ದೂರ 96 ಮಿ.ಮೀ., ಒಟ್ಟು 2179 ಸಿ.ಸಿ. ಹತ್ತನೆಯ ತರಗತಿಯ ವಿದ್ಯಾರ್ಥಿ ಸಿಲಿಂಡರಿನ ಘನಫಲದ ಸೂತ್ರದಿಂದ ಈ ಲೆಕ್ಕವನ್ನು ತಾನೇ ಮಾಡಿ ನೋಡಬಹುದು. ಒಂದು ಸಿಲಿಂಡರಿಗೆ ಬರುವುದು ಸುಮಾರು 545 ಸಿ.ಸಿ. ಅಂದರೆ ಬಾವಿಯ ಎಂಜಿನ್ನಿಗಿಂತ ತುಸು ಕಡಿಮೆಯೇ. ಆದರೆ 2014ರ ಸ್ಕಾರ್ಪಿಯೊದಲ್ಲಿ ಈ ಎಂಜಿನ್ ಕೊಟ್ಟದ್ದು 120 ಅಶ್ವಶಕ್ತಿ, ಅಂದರೆ ಸಿಲಿಂಡರಿಗೆ 30. ಇದೇ 2179 ಸಿ.ಸಿ. ಎಂಜಿನ್ 2011ರ ಎಕ್ಸ್.ಯು.ವಿ. 500ರಲ್ಲಿ 140 ಅಶ್ವಶಕ್ತಿಯನ್ನು ಕೊಟ್ಟಿತು, ಅಂದರೆ ಸಿಲಿಂಡರಿಗೆ 35.

ಒಂದೇ ಅಳತೆಯ ಕೊಡದಿಂದ ಆರು, ಏಳು ಪಟ್ಟು ನೀರು ಬಂದಂತಾಯಿತು. ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ವೇಗ: 1500ರ ಬದಲು 4000 ಸುತ್ತು. ಎರಡನೆಯದು ಟರ್ಬೊ. ಮೂರನೆಯದು ಡೀಸೆಲ್ಲನ್ನು ಸಿಂಪಡಿಸುವ ಹೊಸ ವಿಧಾನ. ಈ ಮೂರರಿಂದಲೇ ಶಕ್ತಿ ಹೆಚ್ಚಿತು. ಈ ಮೂರರಿಂದಲೇ ಎಂಜಿನ್ನಿನ ಸಹನೆ ಕಡಿಮೆಯಾಯಿತು. ಬಾವಿಯ ಎಂಜಿನ್ ತನ್ನ ಸಾಮರ್ಥ್ಯದ ಒಂದು ಪಾಲನ್ನಷ್ಟೇ ಬಳಸಿ ಬದುಕುತ್ತಿತ್ತು. ಹೊಸದು ತನ್ನ ಸಾಮರ್ಥ್ಯದ ಅಂಚಿನ ಬಳಿ ಕೆಲಸ ಮಾಡುತ್ತದೆ. ಆದ್ದರಿಂದ ಎಣ್ಣೆ, ನೀರು, ಗಾಳಿ, ಇಂಧನ ಈ ನಾಲ್ಕರಲ್ಲಿ ಯಾವುದು ಕೆಟ್ಟರೂ ಅದು ಬೇಗನೆ ಬಳಲುತ್ತದೆ.

ಟರ್ಬೊ ಬೇಡುವುದು ಒಂದು ನಿಮಿಷ

ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾಯುತ್ತದೆ. ಆ ಕಾವಿಗೆ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಮತ್ತೊಂದು ಉಪಾಯವನ್ನು ಸೇರಿಸಿ ಪೇಟೆಂಟ್ ಪಡೆದನು. ಹೊಗೆಯ ರೂಪದಲ್ಲಿ ಹೊರಗೆ ಹೋಗಿ ವ್ಯರ್ಥವಾಗುವ ಬಿಸಿ ಅನಿಲದಿಂದ ಒಂದು ಚಕ್ರವನ್ನು ತಿರುಗಿಸುವುದು, ಅದೇ ಅಕ್ಷಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಹೊರಗಿನ ಗಾಳಿಯನ್ನು ಎಂಜಿನ್ನಿನೊಳಕ್ಕೆ ನೂಕುವುದು. ಇದೇ ಟರ್ಬೊ. ಗಾಳಿ ಹೆಚ್ಚು ಸಿಕ್ಕರೆ ಹೆಚ್ಚು ಡೀಸೆಲ್ಲನ್ನು ಪೂರ್ಣವಾಗಿ ಉರಿಸಲು ಸಾಧ್ಯ.

ಈ ಪುಟ್ಟ ಅಕ್ಷ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ. ಒಂದು ಬದಿಗೆ ನೂರಾರು ಡಿಗ್ರಿ ಕಾದ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ. ನಡುವೆ ಅಕ್ಷವನ್ನು ಹೊತ್ತು ನಿಂತಿರುವುದು ಎಂಜಿನ್ ಆಯಿಲ್ಲಿನ ತೆಳುವಾದ ಪೊರೆ ಮಾತ್ರ. ಎಂಜಿನ್ ನಡೆಯುತ್ತಿರುವವರೆಗೆ ಪಂಪು ಆ ಎಣ್ಣೆಯನ್ನು ಕಳುಹಿಸುತ್ತದೆ. ಎಂಜಿನ್ ನಿಂತ ಕ್ಷಣವೇ ಎಣ್ಣೆಯ ಹರಿವೂ ನಿಲ್ಲುತ್ತದೆ.

ಬಾವಿಯ ಎಂಜಿನ್ನನ್ನು ನೀರು ಸಾಕಾದೊಡನೆ ನಿಲ್ಲಿಸುವುದು ರೂಢಿ. ಅದೇ ರೂಢಿಯಲ್ಲಿ ಹೈದರಾಬಾದ್ ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಬಂದು, ಢಾಬಾದ ಮುಂದೆ ಗಾಡಿ ನಿಂತ ತಕ್ಷಣ ಕೀಲಿ ತಿರುವಿದರೆ, ಕಾದ ಟರ್ಬೊದಲ್ಲಿ ಉಳಿದ ಎಣ್ಣೆ ಅಲ್ಲಿಯೇ ಸುಟ್ಟು ಇದ್ದಿಲಿನ ಪದರವಾಗುತ್ತದೆ. ಇದು ಒಂದು ದಿನದಲ್ಲಿ ಕೆಡಿಸುವುದಿಲ್ಲ. ವರ್ಷಗಳಲ್ಲಿ ಎಣ್ಣೆಯ ದಾರಿಯನ್ನು ಕಟ್ಟಿ ಟರ್ಬೊವನ್ನು ಕೊಲ್ಲುತ್ತದೆ. ವೇಗವಾಗಿ ಬಂದ ನಂತರ ಅಥವಾ ಭಾರ ಎಳೆದ ನಂತರ ಒಂದು ನಿಮಿಷ ಎಂಜಿನ್ನನ್ನು ನಿಧಾನಗತಿಯಲ್ಲಿ ನಡೆಯಲು ಬಿಟ್ಟು ಅನಂತರ ನಿಲ್ಲಿಸಬೇಕು. ಊರೊಳಗೆ ಮೆಲ್ಲನೆ ಬಂದ ಗಾಡಿಗೆ ಇದರ ಅಗತ್ಯ ಅಷ್ಟಾಗಿ ಇಲ್ಲ. ಹಾಗೆಯೇ ಮುಂಜಾನೆ ಎಂಜಿನ್ ಆರಂಭಿಸಿದೊಡನೆ ಆ್ಯಕ್ಸಿಲರೇಟರನ್ನು ಒತ್ತಿ ಗರ್ಜನೆ ಮಾಡಿಸಬಾರದು. ಎಣ್ಣೆ ಟರ್ಬೊವರೆಗೆ ತಲುಪಲು ಅರ್ಧ ನಿಮಿಷದ ಅವಕಾಶ ಕೊಡಬೇಕು. ಮೊದಲ ಎರಡು ಮೂರು ಕಿಲೋಮೀಟರುಗಳನ್ನು ಸಾವಧಾನವಾಗಿ ಓಡಿಸಬೇಕು.

ಕ್ಯಾನಿನ ಡೀಸೆಲ್

ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಹೆಸರನ್ನು ರೈತರು ‘ಮೈಕೊ’ ಎಂದು ಬಲ್ಲರು. ಟ್ರ್ಯಾಕ್ಟರಿನ ಡೀಸೆಲ್ ಪಂಪಿಗೆ ‘ಮೈಕೊ ಪಂಪು’ ಎಂದೇ ಹೆಸರಾಗಿತ್ತು. ಇಂದು ಆ ಸಂಸ್ಥೆ ಬಾಷ್ ಎಂಬ ಹೆಸರಿನಲ್ಲಿದೆ. ಆ ಹಳೆಯ ಯಾಂತ್ರಿಕ ಪಂಪಿನ ಸ್ಥಾನದಲ್ಲಿ ಈಗ ಬಂದಿರುವುದು ‘ಕಾಮನ್ ರೈಲ್’ ವ್ಯವಸ್ಥೆ. ಎಲ್ಲ ಸಿಲಿಂಡರುಗಳಿಗೂ ಸಮಾನವಾದ ಒಂದು ಕೊಳವೆಯಲ್ಲಿ ಡೀಸೆಲ್ಲನ್ನು ಅತಿ ಹೆಚ್ಚಿನ ಒತ್ತಡದಲ್ಲಿ ಸಂಗ್ರಹಿಸಿ, ಗಣಕದ ಆಜ್ಞೆಯಂತೆ ಇಂಜೆಕ್ಟರುಗಳ ಮೂಲಕ ಸಿಂಪಡಿಸುವ ಏರ್ಪಾಡು ಇದು. ಗಾಡಿಯ ಟಯರಿನಲ್ಲಿ ಇರುವ ಒತ್ತಡ ಎರಡು ಬಾರಿಗಿಂತ ತುಸು ಹೆಚ್ಚು. ಈ ಕೊಳವೆಯಲ್ಲಿ ಅದು 1600 ಬಾರ್ ಅಥವಾ ಅದಕ್ಕೂ ಮಿಗಿಲು. ಇಂಜೆಕ್ಟರಿನ ರಂಧ್ರಗಳು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿ ಇರುತ್ತವೆ. ಕೂದಲೆಳೆಗಿಂತ ಸ್ವಲ್ಪ ಅಗಲ, ಅಷ್ಟೆ.

ಇಂಥ ಯಂತ್ರಕ್ಕೆ ಮನೆಯ ಮೂಲೆಯಲ್ಲಿ ವಾರಗಟ್ಟಲೆ ಇಟ್ಟ ಪ್ಲಾಸ್ಟಿಕ್ ಕ್ಯಾನಿನ ಡೀಸೆಲ್ಲನ್ನು, ಧೂಳು ಹಿಡಿದ ಲಾಳಿಕೆಯ ಮೂಲಕ ಸುರಿಯುವುದು ದೊಡ್ಡ ಅಪಾಯ. ಟ್ರ್ಯಾಕ್ಟರಿಗೆಂದು ತಂದ ಡೀಸೆಲ್ ‘ಎರಡೂ ಒಂದೇ ಅಲ್ಲವೆ’ ಎಂಬ ಮಾತಿನೊಡನೆ ಗಾಡಿಗೂ ಹೋಗುತ್ತದೆ. ಡೀಸೆಲ್ ಒಂದೇ, ಅದರೊಳಗೆ ಸೇರಿದ ನೀರು ಮತ್ತು ಧೂಳು ಮಾತ್ರ ಬೇರೆ. ಈ ವ್ಯವಸ್ಥೆಯ ಪಂಪಿಗೆ ಡೀಸೆಲ್ಲೇ ಜಾರುವಿಕೆಯನ್ನು ಕೊಡುತ್ತದೆ. ನೀರು ಸೇರಿದರೆ ಆ ಗುಣ ಹೋಗಿ ಲೋಹ ಲೋಹವನ್ನು ಉಜ್ಜುತ್ತದೆ, ತುಕ್ಕು ಹಿಡಿಯುತ್ತದೆ; ಆ ಚೂರುಗಳು ನಾಲ್ಕೂ ಇಂಜೆಕ್ಟರುಗಳನ್ನು ಕೆಡಿಸುತ್ತವೆ. ಫಿಲ್ಟರಿನ ಕೆಳಭಾಗದಲ್ಲಿ ನೀರು ಸಂಗ್ರಹವಾಗುವ ಜಾಗವಿರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಅದರ ದೀಪ ಹೊತ್ತಿದರೆ ಆ ದಿನವೇ ನೀರನ್ನು ಇಳಿಸಬೇಕು. ಡೀಸೆಲ್ ಫಿಲ್ಟರನ್ನು ಕೈಪಿಡಿ ಹೇಳಿದ ಅವಧಿಗೆ ಬದಲಿಸುವ ಖರ್ಚು ಒಂದು ಇಂಜೆಕ್ಟರಿನ ಬೆಲೆಯ ಅಲ್ಪ ಪಾಲು.

ಬೋರಿನ ನೀರು, ದಾರಿಯ ಧೂಳು, ಹಳ್ಳದ ಪ್ರವಾಹ

ಬಾವಿಯ ಎಂಜಿನ್ನಿಗೆ ತಂಪು ಕೊಡುತ್ತಿದ್ದುದು ಅದೇ ಬಾವಿಯ ನೀರು. ಪಂಪು ಎತ್ತಿದ ನೀರಿನ ಒಂದು ಪಾಲು ಎಂಜಿನ್ನಿನ ಸುತ್ತ ಹರಿದು ಹೊರಬರುತ್ತಿತ್ತು. ಆ ನೆನಪಿನಿಂದಲೇ ಅನೇಕರು ಎಸ್.ಯು.ವಿ.ಯ ರೇಡಿಯೇಟರಿಗೂ ಬೋರಿನ ನೀರನ್ನು ತುಂಬುತ್ತಾರೆ. ಈ ಭಾಗದ ನೀರು ಎಷ್ಟು ಗಡಸೆಂಬುದನ್ನು ಚಹಾದ ಪಾತ್ರೆಯ ತಳದಲ್ಲಿ ಕಟ್ಟಿದ ಬಿಳಿ ಪದರವೇ ಹೇಳುತ್ತದೆ. ಅದೇ ಪದರ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲಿಯೂ ಸಿಲಿಂಡರಿನ ತಲೆಯ ಸುತ್ತಲೂ ಕಟ್ಟುತ್ತದೆ. ಬೇಸಿಗೆಯ 42 ಡಿಗ್ರಿ ಬಿಸಿಲಿನಲ್ಲಿ ಎ.ಸಿ. ಹಾಕಿಕೊಂಡು ಏಳು ಜನರನ್ನು ಹೊತ್ತು ಸಾಗುವ ಗಾಡಿಗೆ ಅಷ್ಟು ಸಾಕು. ಎಂಜಿನ್ ಕಾಯುತ್ತದೆ, ಹೆಡ್ ಗ್ಯಾಸ್ಕೆಟ್ ಹರಿಯುತ್ತದೆ, ಕೆಲವೊಮ್ಮೆ ಸಿಲಿಂಡರಿನ ತಲೆಯೇ ಬಾಗುತ್ತದೆ. ಕೈಪಿಡಿಯಲ್ಲಿ ಸೂಚಿಸಿದ ಕೂಲೆಂಟನ್ನು ಖನಿಜರಹಿತ ನೀರಿನೊಡನೆ ಹೇಳಿದ ಪ್ರಮಾಣದಲ್ಲಿ ಬೆರೆಸಿಯೇ ತುಂಬಬೇಕು. ಅದು ತುಕ್ಕನ್ನು ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಉಷ್ಣಾಂಶದ ಮುಳ್ಳು ಕೆಂಪಿನ ಕಡೆಗೆ ಏರಿದರೆ ‘ಇನ್ನೇನು ಊರು ಬಂತು’ ಎನ್ನದೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸುವುದು ಲೇಸು. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯುವ ಸಾಹಸ ಯಾರೂ ಮಾಡಬಾರದು.

ಗಾಳಿಯ ಕಥೆಯೂ ಇಂಥದೇ. ಕಬ್ಬಿನ ಟ್ರಾಲಿಗಳು ಓಡಾಡುವ ಹಂಗಾಮಿನಲ್ಲಿ ಹೊಲದ ದಾರಿಯ ಮೇಲೆ ಏಳುವ ಧೂಳು ನವಿರಾದ ಹಿಟ್ಟಿನಂತಿರುತ್ತದೆ. ಏರ್ ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಸಾಲದೆ ಕರಿ ಹೊಗೆ ಬರುತ್ತದೆ. ಫಿಲ್ಟರ್ ಹರಿದರೆ ಧೂಳು ನೇರವಾಗಿ ಟರ್ಬೊದ ರೆಕ್ಕೆಗಳನ್ನೂ ಸಿಲಿಂಡರಿನ ಗೋಡೆಯನ್ನೂ ಸವೆಸುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯ ನಳಿಕೆಯಿಂದ ಕಾಗದದ ಫಿಲ್ಟರನ್ನು ಊದಿ ಊದಿ ಬಳಸುವ ರೂಢಿಯಿಂದ ಕಾಗದ ಸೂಕ್ಷ್ಮವಾಗಿ ಸೀಳುತ್ತದೆ; ಆ ಸೀಳು ಕಣ್ಣಿಗೆ ಕಾಣುವುದಿಲ್ಲ. ಧೂಳಿನ ದಾರಿಯ ಗಾಡಿಗೆ ಕೈಪಿಡಿಯ ಸಾಮಾನ್ಯ ಅವಧಿಗಿಂತ ಮೊದಲೇ ಫಿಲ್ಟರ್ ಬದಲಿಸುವುದು ಒಳ್ಳೆಯದು.

ಮಳೆಗಾಲದ ಎಚ್ಚರಿಕೆ ಇನ್ನೊಂದು. ತುಂಬಿ ಹರಿಯುವ ಹಳ್ಳವನ್ನು ಟ್ರ್ಯಾಕ್ಟರ್ ದಾಟಿತೆಂದು ಎಸ್.ಯು.ವಿ.ಯೂ ದಾಟೀತೆಂದು ಭಾವಿಸಬಾರದು. ಗಾಳಿ ಎಳೆಯುವ ಬಾಯಿಯ ಮೂಲಕ ನೀರು ಸಿಲಿಂಡರಿಗೆ ಹೊಕ್ಕರೆ ಪಿಸ್ಟನ್ ಅದನ್ನು ಅದುಮಲಾರದು. ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ನಿಂತುಹೋದ ಎಂಜಿನ್ನನ್ನು ಮತ್ತೆ ಆರಂಭಿಸಲು ಯತ್ನಿಸುವುದೇ ಬಹುತೇಕ ಹಾನಿಗೆ ಕಾರಣ. ಸಾಮಾನ್ಯ ವಿಮೆಯಲ್ಲಿ ಇಂಥ ಹಾನಿಗೆ ಪರಿಹಾರ ಸಿಗುವುದು ಕಷ್ಟ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕಲಮು ಪಾಲಿಸಿಯಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಮಳೆಗಾಲಕ್ಕೆ ಮೊದಲೇ ಓದಿ ನೋಡಬೇಕು. ಇದೆಲ್ಲಕ್ಕಿಂತ ಮಿಗಿಲಾಗಿ, ಗಾಡಿಯೊಳಗೆ ಮಕ್ಕಳಿರುತ್ತಾರೆ.

ಹೊಸ ನಿಯಮದ ಗಾಡಿ, ಹೊಲದ ಯೂರಿಯಾ

ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಮಾಲಿನ್ಯ ನಿಯಮ ಜಾರಿಗೆ ಬಂತು. ಡೀಸೆಲ್ಲಿನ ಗಂಧಕದ ಮಿತಿ ಕಿಲೋಗ್ರಾಮಿಗೆ 50 ಮಿಲಿಗ್ರಾಮಿನಿಂದ 10ಕ್ಕೆ ಇಳಿಯಿತು. ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿಯ ಕಣಗಳನ್ನು ಹಿಡಿದಿಡುವ ಡಿ.ಪಿ.ಎಫ್. ಎಂಬ ಶೋಧಕ ಬಂದು ಕುಳಿತಿತು. ಹಿಡಿದ ಮಸಿಯನ್ನು ಅದು ಆಗಾಗ್ಗೆ ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿಯ ಕಾವು ಬೇಕು. ಆ ಕಾವು ಬರುವುದು ಗಾಡಿ ಒಂದೇ ಸಮನೆ ಓಡಿದಾಗ.

ದಿನವೂ ಮನೆಯಿಂದ ಶಾಲೆಗೆ, ಶಾಲೆಯಿಂದ ಹೊಲಕ್ಕೆ ಎರಡೆರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಈ ಕಾವು ಹುಟ್ಟುವುದೇ ಇಲ್ಲ. ಮಸಿ ತುಂಬುತ್ತದೆ, ದೀಪ ಹೊತ್ತುತ್ತದೆ, ಕೊನೆಗೆ ಎಂಜಿನ್ ತನ್ನ ಶಕ್ತಿಯನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಅರ್ಧಕ್ಕೆ ನಿಂತ ಸುಡುವಿಕೆಯಿಂದ ಡೀಸೆಲ್ ಎಂಜಿನ್ ಆಯಿಲ್ಲಿಗೆ ಇಳಿದು ಅದನ್ನು ತೆಳುವಾಗಿಸುವುದೂ ಉಂಟು. ಗೇಜಿನಲ್ಲಿ ಎಣ್ಣೆಯ ಮಟ್ಟ ಏರಿದಂತೆ ಕಂಡರೆ ಅದು ಸಂತೋಷದ ಸುದ್ದಿಯಲ್ಲ. ಬೋರಾಮಣಿಯವರಿಗೆ ಇಲ್ಲಿ ಒಂದು ಅನುಕೂಲವಿದೆ. ಊರಿನ ಬದಿಯಲ್ಲಿಯೇ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಹಾದುಹೋಗಿದೆ. ವಾರಕ್ಕೊಮ್ಮೆ ಸೊಲ್ಲಾಪುರದ ಕಡೆಗೋ ನಳದುರ್ಗದ ಕಡೆಗೋ ಗಂಟೆಗೆ 60 ಕಿ.ಮೀ.ಗೆ ಮೇಲ್ಪಟ್ಟು ಇಪ್ಪತ್ತು ನಿಮಿಷ ಸಮವೇಗದಲ್ಲಿ ಓಡಿದರೆ ಶೋಧಕ ಶುದ್ಧವಾಗುತ್ತದೆ. ಇಂಥ ಓಟವೇ ಇಲ್ಲದ ಕುಟುಂಬ ಹೊಸ ಡೀಸೆಲ್ ಗಾಡಿಯನ್ನು ಕೊಳ್ಳುವ ಮೊದಲು ಪೆಟ್ರೋಲಿನ ಮಾದರಿಯನ್ನೂ ತೂಗಿ ನೋಡಬೇಕು.

ಈ ಶೋಧಕವಿರುವ ಗಾಡಿಗೆ ಕಡಿಮೆ ಬೂದಿ ಉಳಿಸುವ ವಿಶೇಷ ಎಂಜಿನ್ ಆಯಿಲ್ ಬೇಕು. ಟ್ರ್ಯಾಕ್ಟರಿಗೆಂದು ತಂದು ಉಳಿದ ಡಬ್ಬಿಯ ಎಣ್ಣೆ ಇದಕ್ಕೆ ಸಲ್ಲದು. ಆಯಿಲ್ಲಿನ ದರ್ಜೆಯನ್ನು ಕೈಪಿಡಿಯಲ್ಲಿ ಅಕ್ಷರ ಅಂಕಿಗಳಲ್ಲಿ ಸ್ಪಷ್ಟವಾಗಿ ಕೊಟ್ಟಿರುತ್ತಾರೆ. ಡಬ್ಬಿಯ ಮೇಲೆ ಅದೇ ಇದೆಯೇ ಎಂದು ನೋಡಿ ಕೊಳ್ಳಬೇಕು. ಟ್ರ್ಯಾಕ್ಟರಿನ ಎಣ್ಣೆಯನ್ನು ಗಂಟೆಗಳ ಲೆಕ್ಕದಲ್ಲಿ ಬದಲಿಸುವ ರೈತ ಗಾಡಿಯ ಎಣ್ಣೆಯನ್ನು ಕಿಲೋಮೀಟರಿನ ಲೆಕ್ಕದಲ್ಲಿ ಮಾತ್ರ ನೋಡುವುದುಂಟು. ಆದರೆ ಕೈಪಿಡಿ ಹೇಳುವುದು ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು. ವರ್ಷವಿಡೀ ಕಡಿಮೆ ಓಡಿದ ಗಾಡಿಯ ಎಣ್ಣೆಯೂ ಹಳತಾಗಿರುತ್ತದೆ.

ಕೆಲವು ಹೊಸ ಎಸ್.ಯು.ವಿ.ಗಳಲ್ಲಿ ಡೀಸೆಲ್ ಮುಚ್ಚಳದ ಪಕ್ಕದಲ್ಲಿ ನೀಲಿ ಮುಚ್ಚಳವೊಂದಿರುತ್ತದೆ. ಅದರಲ್ಲಿ ತುಂಬುವ ದ್ರವ ಅತಿಶುದ್ಧ ನೀರಿನಲ್ಲಿ ಕರಗಿಸಿದ ಯೂರಿಯಾ. ಪ್ರಮಾಣ ಶೇಕಡಾ 32.5. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳನ್ನು ಅದು ನಿರಪಾಯ ನೈಟ್ರೋಜನ್ ಮತ್ತು ನೀರಾಗಿ ಮಾರ್ಪಡಿಸುತ್ತದೆ. ‘ಯೂರಿಯಾ’ ಎಂಬ ಹೆಸರು ಕೇಳಿದೊಡನೆ ರೈತನಿಗೆ ಗೋದಾಮಿನ ಚೀಲ ನೆನಪಾಗುವುದು ಸಹಜ. ಚೀಲದ ಯೂರಿಯಾವನ್ನು ಬಕೆಟಿನಲ್ಲಿ ಕರಗಿಸಿ ಸುರಿಯುವ ಯೋಚನೆಯನ್ನು ಮಾತ್ರ ಬಿಟ್ಟುಬಿಡಬೇಕು. ದೇಶದ ಕೃಷಿ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪವಿರುತ್ತದೆ. ಆ ಎಣ್ಣೆಯೂ ನೀರಿನ ಲವಣಗಳೂ ಸೇರಿ ದುಬಾರಿಯಾದ ಆ ಇಡೀ ವ್ಯವಸ್ಥೆಯನ್ನು ಕಟ್ಟಿಹಾಕುತ್ತವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇದರೊಡನೆ ಕಾನೂನಿನ ತೊಡಕೂ ಉಂಟು. ರಸಗೊಬ್ಬರ (ನಿಯಂತ್ರಣ) ಆದೇಶ, 1985ರ 25ನೆಯ ಕಲಮಿನ ಪ್ರಕಾರ ಗೊಬ್ಬರವನ್ನು ಭೂಮಿಯ ಫಲವತ್ತತೆ ಮತ್ತು ಬೆಳೆಯ ಹೊರತು ಅನ್ಯ ಉದ್ದೇಶಕ್ಕೆ ಅನುಮತಿಯಿಲ್ಲದೆ ಬಳಸುವಂತಿಲ್ಲ.

ಡಿ.ಪಿ.ಎಫ್. ತೊಂದರೆ ಕೊಟ್ಟಾಗ ‘ಅದನ್ನು ಕಿತ್ತುಹಾಕಿ ಗಣಕದ ಪ್ರೋಗ್ರಾಂ ಬದಲಿಸೋಣ’ ಎಂಬ ಸಲಹೆ ಗ್ಯಾರೇಜುಗಳಲ್ಲಿ ಸುಲಭವಾಗಿ ಸಿಗುತ್ತದೆ. ಮೋಟಾರು ವಾಹನ ಅಧಿನಿಯಮ, 1988ರ 52ನೆಯ ಕಲಮು ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನವನ್ನು ಓಡಿಸಿದರೆ, 2019ರ ತಿದ್ದುಪಡಿಯ ನಂತರದ 190(2)ನೆಯ ಕಲಮಿನಂತೆ, ಮೊದಲ ಅಪರಾಧಕ್ಕೇ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಹತ್ತು ಸಾವಿರ ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಬಹುದು. ಗಾಡಿಯ ವಾರಂಟಿ ಹೋಗುವುದು ಬೇರೆ. ಆ ಶೋಧಕ ಹಿಡಿಯುವ ಮಸಿ ಮಕ್ಕಳ ಶ್ವಾಸಕೋಶಕ್ಕೆ ಹೋಗುವ ಮಸಿ ಎಂಬುದನ್ನೂ ಮರೆಯಲಾಗದು.

ಅಂಕಿಗಳನ್ನು ಓದುವ ಬಗೆ

ಹೊಸ ಗಾಡಿಯ ಮಾಹಿತಿ ಪತ್ರದಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಅಶ್ವಶಕ್ತಿ. ನಿತ್ಯದ ಓಟಕ್ಕೆ ಅದಕ್ಕಿಂತ ಮುಖ್ಯವಾದುದು ಟಾರ್ಕ್, ಅಂದರೆ ತಿರುಚುವ ಬಲ, ಮತ್ತು ಅದು ಎಷ್ಟು ಸುತ್ತಿನಿಂದ ಎಷ್ಟು ಸುತ್ತಿನವರೆಗೆ ಸಿಗುತ್ತದೆ ಎಂಬುದು. 2014ರ ಸ್ಕಾರ್ಪಿಯೊದ 280 ನ್ಯೂಟನ್ ಮೀಟರ್ ಬಲ 1800ರಿಂದ 2800 ಸುತ್ತಿನ ನಡುವೆ ದೊರೆಯುತ್ತದೆ. ಬಿ.ಎಸ್. 6 ಬೊಲೆರೊದ 1493 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್ 75 ಅಶ್ವಶಕ್ತಿಯದಾದರೂ 210 ನ್ಯೂಟನ್ ಮೀಟರ್ ಬಲವನ್ನು 1600 ಸುತ್ತಿನಿಂದಲೇ ಕೊಡುತ್ತದೆ. ಹೊಲದ ದಾರಿಯಲ್ಲಿ ನಿಧಾನವಾಗಿ ಭಾರ ಎಳೆಯುವವರಿಗೆ ಇದೇ ಸಾಕು. ಟರ್ಬೊ ಎಂಜಿನ್ನನ್ನು ಸಾವಿರ ಸುತ್ತಿನ ಸುಮಾರಿಗೆ ಮೇಲಿನ ಗೇರಿನಲ್ಲಿ ಎಳೆದಾಡಿಸುವುದು ಡೀಸೆಲ್ ಉಳಿಸುವ ಉಪಾಯವಲ್ಲ. ಆಗ ಟರ್ಬೊ ಎಚ್ಚತ್ತಿರುವುದಿಲ್ಲ, ಮಸಿ ಹೆಚ್ಚುತ್ತದೆ.

ಮಾಹಿತಿ ಪತ್ರ ಹೇಳದ ಒಂದು ವಿವರವನ್ನು ಕೇಳಿಯೇ ತಿಳಿಯಬೇಕು: ಎಂಜಿನ್ನಿನ ಕವಾಟಗಳನ್ನು ನಡೆಸುವುದು ರಬ್ಬರ್ ಬೆಲ್ಟೋ, ಲೋಹದ ಚೈನೋ? ಟೊಯೊಟಾ ಇನ್ನೋವಾದ ಹಿಂದಿನ 2494 ಸಿ.ಸಿ. ಎಂಜಿನ್ನಿನಲ್ಲಿ ಬೆಲ್ಟ್ ಇತ್ತು. 2016ರ ಕ್ರಿಸ್ಟಾದ 2393 ಸಿ.ಸಿ. ಎಂಜಿನ್ನಿನಲ್ಲಿ ಚೈನ್ ಬಂತು. ಬೆಲ್ಟಿಗೆ ಆಯುಷ್ಯವಿದೆ. ಅವಧಿ ಮೀರಿದ ಬೆಲ್ಟ್ ಹರಿದರೆ ಕವಾಟಗಳೂ ಪಿಸ್ಟನ್ನುಗಳೂ ಒಂದಕ್ಕೊಂದು ಬಡಿದು ಎಂಜಿನ್ನೇ ಹಾಳಾಗುತ್ತದೆ. ಹಳೆಯ ಇನ್ನೋವಾ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತದೆಂಬ ಖ್ಯಾತಿಯ ಹಿಂದೆ ಆ ಬೆಲ್ಟನ್ನು ಕಾಲಕಾಲಕ್ಕೆ ಬದಲಿಸಿದ ಮಾಲೀಕರ ಪಾಲೂ ಇದೆ.

ಗಾಡಿಗೂ ಒಂದು ಉತಾರ

ಹೊಲ ಕೊಳ್ಳುವಾಗ ಸಾತ್‌ಬಾರಾ ಉತಾರ ನೋಡದೆ ಯಾರೂ ಮುಂಗಡ ಕೊಡುವುದಿಲ್ಲ. ಅದೇ ಮನೆಯವರು ಬಳಸಿದ ಎಸ್.ಯು.ವಿ.ಯನ್ನು ಬಣ್ಣ ನೋಡಿ, ಮೀಟರಿನ ಅಂಕಿ ನೋಡಿ ಕೊಳ್ಳುತ್ತಾರೆ. ಮೀಟರಿನ ಅಂಕಿಯನ್ನು ತಿದ್ದಬಹುದು. ಸರ್ವಿಸಿನ ದಾಖಲೆಯೇ ಗಾಡಿಯ ಉತಾರ. ಯಾವ ತಾರೀಖಿಗೆ, ಎಷ್ಟು ಕಿಲೋಮೀಟರಿಗೆ, ಯಾವ ಎಣ್ಣೆ, ಯಾವ ಫಿಲ್ಟರ್ ಎಂಬ ಬಿಲ್ಲುಗಳು ಸಾಲಾಗಿ ಇದ್ದರೆ ಗಾಡಿಯ ಬಾಳು ತಿಳಿಯುತ್ತದೆ. ಇಲ್ಲದಿದ್ದರೆ ಬೆಲೆಯಲ್ಲಿ ಅದನ್ನು ಕಳೆಯಬೇಕು.

ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕು. ಮೊದಲೇ ಕಾಯಿಸಿಟ್ಟ ಎಂಜಿನ್ ತನ್ನ ರೋಗವನ್ನು ಮುಚ್ಚಿಡುತ್ತದೆ. ಆರಂಭಿಸಿದಾಗ ನೀಲಿ ಹೊಗೆ ನಿಲ್ಲದೆ ಬಂದರೆ ಎಣ್ಣೆ ಉರಿಯುತ್ತಿದೆ. ಬಿಳಿ ಹೊಗೆ ಬಹುಹೊತ್ತು ಉಳಿದರೆ ಕೂಲೆಂಟ್ ಒಳಸೇರುತ್ತಿರಬಹುದು ಅಥವಾ ಇಂಜೆಕ್ಟರ್ ಕೆಟ್ಟಿರಬಹುದು. ದಟ್ಟ ಕರಿ ಹೊಗೆ ಗಾಳಿಯ ಅಥವಾ ಇಂಧನದ ದೋಷವನ್ನು ಸೂಚಿಸುತ್ತದೆ. ಕೂಲೆಂಟಿನ ಮೇಲೆ ಎಣ್ಣೆಯ ಪೊರೆ ಇರಬಾರದು. ವೇಗ ಏರಿಸುವಾಗ ಟರ್ಬೊದ ಮೆಲ್ಲನೆಯ ಸಿಳ್ಳು ಸಹಜ; ಕಿರುಚುವ ಸದ್ದು ಸಹಜವಲ್ಲ. ನಂಬಿಕಸ್ಥ ಮೆಕ್ಯಾನಿಕನಿಂದ ಸ್ಕ್ಯಾನರ್ ಹಚ್ಚಿಸಿ ಗಣಕದಲ್ಲಿ ಉಳಿದ ದೋಷಗಳನ್ನು ಓದಿಸುವ ಅಲ್ಪ ಖರ್ಚಿಗೆ ಹಿಂಜರಿಯಬಾರದು.

ಗಡಿಭಾಗದ ಕುಟುಂಬಗಳಿಗೆ ಕಾಗದಪತ್ರದ ವಿಷಯ ಇನ್ನಷ್ಟು ಸೂಕ್ಷ್ಮ. ಎಂ.ಎಚ್. 13ರ ಊರಿಗೆ ವಿಜಯಪುರದ ಕೆ.ಎ. 28, ಕಲಬುರಗಿಯ ಕೆ.ಎ. 32ರ ಗಾಡಿಗಳು ಬೀಗರ ಮೂಲಕ, ಪರಿಚಯದ ಮೂಲಕ ಬರುತ್ತಲೇ ಇರುತ್ತವೆ. ಅನ್ಯ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ 47ನೆಯ ಕಲಮಿನಂತೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣ ಪತ್ರ ಬೇಕು, ಇಲ್ಲಿನ ತೆರಿಗೆಯನ್ನೂ ತುಂಬಬೇಕು. ಕೊಂಡವರು 50ನೆಯ ಕಲಮಿನಂತೆ 30 ದಿನಗಳೊಳಗೆ ಹಸ್ತಾಂತರವನ್ನು ವರದಿ ಮಾಡಬೇಕು. ಮಾರಿದವರಿಗೂ ಇದು ಅಷ್ಟೇ ಮುಖ್ಯ. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಗಾಡಿ ಹಲವು ಕೈ ಬದಲಾಗಿದ್ದ ಪ್ರಕರಣವೊಂದರಲ್ಲಿ, ಅಪಘಾತದ ದಿನ ನೋಂದಣಿಯಲ್ಲಿ ಯಾರ ಹೆಸರಿತ್ತೋ ಅವರೇ ಪರಿಹಾರಕ್ಕೆ ಹೊಣೆ ಎಂದು ತೀರ್ಪಿತ್ತಿತು. ‘ಮಾರಿದ್ದೇನೆ, ಹಣ ಪಡೆದಿದ್ದೇನೆ’ ಎಂಬ ಮಾತು ರಕ್ಷಣೆ ಕೊಡುವುದಿಲ್ಲ.

ಹೊಸ ಗಾಡಿಯಲ್ಲಿ ತಯಾರಿಕೆಯ ದೋಷ ಕಂಡರೆ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಂತೆ ದೂರಿಗೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಹೋಗಬೇಕು. ಅಲ್ಲಿ ಎದುರು ಪಕ್ಷದವರು ಎತ್ತುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಗಾಡಿಯನ್ನು ಕೈಪಿಡಿಯಂತೆ ನೋಡಿಕೊಂಡಿದ್ದಾರೆಯೇ? ಆಗ ಸಾಕ್ಷಿ ನುಡಿಯಬೇಕಾದವು ಬಿಲ್ಲುಗಳು. ಪ್ರತಿ ಸಲ ಗಾಡಿ ಬಿಡುವಾಗ ದೋಷವನ್ನು ಜಾಬ್ ಕಾರ್ಡಿನಲ್ಲಿ ಬರೆಯಿಸಿ ಅದರ ಪ್ರತಿ ಪಡೆಯಬೇಕು. ಬಾಯಿಮಾತಿನಲ್ಲಿ ಹೇಳಿದ ದೋಷ ದಾಖಲೆಯಾಗುವುದಿಲ್ಲ.

ಮನೆಯ ವಹಿ

ಇಷ್ಟನ್ನೂ ನೆನಪಿನಲ್ಲಿ ಇಡುವವರು ಯಾರು? ಗಾಡಿಯ ಕೈಪಿಡಿ ಇಂಗ್ಲಿಷಿನಲ್ಲಿ ಇರುತ್ತದೆ, ಗ್ಯಾರೇಜಿನ ಮಾತು ಮರಾಠಿ, ಹಿಂದಿಯಲ್ಲಿ ನಡೆಯುತ್ತದೆ. ಮನೆಯ ಹಿರಿಯರು ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತಾರೆ. ಆದರೆ ಆ ಮನೆಯಲ್ಲಿಯೇ ಬಾಲಭಾರತಿಯ ಕನ್ನಡ ಪುಸ್ತಕದಲ್ಲಿ ಒತ್ತಡ, ಉಷ್ಣ, ಘನಫಲ, ದ್ರಾವಣ ಇವುಗಳನ್ನು ಓದುತ್ತಿರುವ ಮಗ ಅಥವಾ ಮಗಳಿದ್ದಾರೆ. ಈ ಲೇಖನದ ಒಂದೊಂದು ವಿಷಯವೂ ಆ ಪಾಠಗಳದೇ ವಿಸ್ತಾರ.

ನೂರು ಪುಟದ ಒಂದು ವಹಿಯನ್ನು ಆ ಮಗುವಿನ ಕೈಗೆ ಕೊಟ್ಟರೆ ಸಾಕು. ಒಂದು ಪುಟಕ್ಕೆ ಐದು ಅಂಕಣ: ತಾರೀಖು, ಕಿಲೋಮೀಟರ್, ಮಾಡಿದ ಕೆಲಸ, ಹಾಕಿದ ವಸ್ತುವಿನ ಹೆಸರು ಮತ್ತು ದರ್ಜೆ, ಬಿಲ್ಲಿನ ಸಂಖ್ಯೆ. ವಾರಕ್ಕೊಮ್ಮೆ, ರವಿವಾರ ಮುಂಜಾನೆ ಎಂಜಿನ್ ತಣ್ಣಗಿರುವಾಗ, ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಎಣ್ಣೆಯ ಮಟ್ಟ, ಕೂಲೆಂಟಿನ ಮಟ್ಟ ನೋಡಿ ಬರೆಯಬೇಕು. ಕೈಪಿಡಿಯ ಸರ್ವಿಸ್ ಕೋಷ್ಟಕವನ್ನು ಶಾಲೆಯ ಗುರುಗಳ ನೆರವಿನಿಂದ ಕನ್ನಡಕ್ಕೆ ಇಳಿಸಿ ವಹಿಯ ಮೊದಲ ಪುಟಕ್ಕೆ ಅಂಟಿಸಬಹುದು. ಮುಂದೆ ಗಾಡಿ ಮಾರುವ ದಿನ ಬಂದಾಗ, ಅಥವಾ ಆಯೋಗದ ಮುಂದೆ ನಿಲ್ಲುವ ದಿನ ಬಂದಾಗ, ಬಿಲ್ಲುಗಳ ಕಟ್ಟಿನೊಡನೆ ಮೇಜಿನ ಮೇಲೆ ಇಡಲು ಆ ವಹಿ ಸಿದ್ಧವಾಗಿರುತ್ತದೆ.